ಯಮನೂರಪ್ಪನ ಮಣೆ

ನಾನು ಸೆರೆಸಿಕ್ಕಿದ್ದು ಒಂದು ಹೇಸರಗತ್ತೆಯ ದೆಸೆಯಿಂದ. ಸೈನ್ಯದಲ್ಲಿ ನನ್ನ ಕೆಲಸ ಬಂದೂಕು ಹಾರಿಸುವುದಲ್ಲ. ಹಿಟ್ಟು, ಬೇಳೆ, ಮದ್ದುಗುಂಡು ಹೇರಿದ ಹೇಸರಗತ್ತೆಗಳನ್ನು ಬೆಟ್ಟ ಹತ್ತಿಸಿ ಇಳಿಸುವುದು. ಒಂದು ದಿನ ಮಧ್ಯಾಹ್ನ ಅವುಗಳಲ್ಲೊಂದು, ಬೆನ್ನ ಮೇಲೆ ಬೇಳೆಯ ಮೂಟೆ ಹೊತ್ತುಕೊಂಡೇ, ಹೊಳೆಗಿಳಿದು ಆಚೆ ದಡಕ್ಕೆ ನಡೆದುಬಿಟ್ಟಿತು. ಅದರ ಹಿಂದೆ ನಾನು ಓಡಿದೆ. ನನ್ನ ಹಿಂದೆ ನಮ್ಮ ಹವಾಲ್ದಾರ್ ಜವರಯ್ಯ, ಬೇಳೆ ಹೋದರೆ ತಾನು ಮೇಲಿನವರಿಗೆ ಜವಾಬು ಹೇಳಬೇಕಲ್ಲ ಎಂಬ ಚಿಂತೆಯಲ್ಲಿ, ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಬಂದ. ಆಚೆ ದಡ ಶತ್ರುಗಳದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಹೇಸರಗತ್ತೆ ಮಾತ್ರ ತನ್ನ ತವರಿಗೆ ಹೋಗುವ ಹೆಣ್ಣಿನ ಹಾಗೆ ಹಿಂದೆ ನೋಡದೆ ನಡೆದು ಒಂದು ಊರಿನ ಅಗಸೆಬಾಗಿಲ ಮುಂದೆ ನಿಂತಿತು. ನಾವು ಅದರ ಹಗ್ಗ ಹಿಡಿಯುವಷ್ಟರಲ್ಲಿ ನಮ್ಮ ಸುತ್ತ ಜನ ಸೇರಿದ್ದರು. ಅವರ ಕೈಯಲ್ಲಿ ಬಂದೂಕಿರಲಿಲ್ಲ. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಊಟದ ಮಣೆ ಇತ್ತು.

ನಮ್ಮನ್ನು ಚಾವಡಿಗೆ ಕರೆದೊಯ್ದರು. ಊರಿನ ಹಿರಿಯ ಸಂಗಪ್ಪಜ್ಜ ಅಲ್ಲಿ ಕೂತಿದ್ದ. ಅವನು ನಮ್ಮ ಹೆಸರು ಕೇಳಲಿಲ್ಲ, ದಳ ಯಾವುದೆಂದು ಕೇಳಲಿಲ್ಲ, ತೋಪುಗಳು ಎಲ್ಲಿವೆ ಎಂದೂ ಕೇಳಲಿಲ್ಲ. ಏನೇ ಮಾಡಿದರೂ ಬಾಯಿಬಿಡಬಾರದೆಂದು ತರಬೇತಿಯಲ್ಲಿ ನಮಗೆ ಕಲಿಸಿದ್ದೆಲ್ಲ ವ್ಯರ್ಥವಾಯಿತು. ಅವನು ನಮ್ಮನ್ನು ಒಂದೊಂದೇ ಮಣೆಯ ಮೇಲೆ ಕೂರಿಸಿ ನೋಡಿದ. ಒಂದು ನನಗೆ ಕಿರಿದಾಯಿತು, ಇನ್ನೊಂದರ ಮೇಲೆ ಕೂತರೆ ಮೊಣಕಾಲು ಮೇಲೇಳುತ್ತಿತ್ತು. ಮತ್ತೊಂದರ ಮೇಲೆ ಕೂತಾಗ ಗುಂಪಿನಲ್ಲಿದ್ದ ಒಬ್ಬ ಮುದುಕಿ ಹತ್ತಿರ ಬಂದು, ಹಿಂದೆ ಮುಂದೆ ನೋಡಿ, ಇದಿರಲಿ ಎಂದಳು. ಅವಳ ಹೆಸರು ದ್ಯಾಮವ್ವ. ಮಣೆ ಅವಳ ಮಗ ಯಮನೂರಪ್ಪನದು. ಜವರಯ್ಯನಿಗೆ ಸರಿಹೊಂದಿದ್ದು ಪಕ್ಕದ ಮನೆಯ ಬಡಿಗೇರ ಫಕೀರಪ್ಪನ ಮಣೆ. ಹೇಸರಗತ್ತೆಗೆ ಕೊಡುವಂಥ ಜಾಗ ಊರಿನಲ್ಲಿ ಯಾವುದೂ ಖಾಲಿ ಇರಲಿಲ್ಲವಂತೆ. ಅದನ್ನು ಬೇಳೆಯ ಸಮೇತ ಹೊಳೆ ದಾಟಿಸಿ ನಮ್ಮ ಕಡೆಗೆ ಬಿಟ್ಟುಬಂದರು.

ಆ ಊರಿನಲ್ಲಿ ಯಾರ ಮಣೆಯೂ ಖಾಲಿ ಇರುವಂತಿಲ್ಲ. ಸತ್ತರೆ ಮಗನೋ ಅಳಿಯನೋ ಕೂರಬೇಕು. ಪರವೂರಿಗೆ ಹೋದರೆ ಬರುವವರೆಗೆ ಇನ್ನೊಬ್ಬರು. ಖಾಲಿ ಬಿಟ್ಟರೆ ಏನಾಗುತ್ತದೆ ಎಂದು ನಾನು ಒಂದೆರಡು ಸಲ ವಿಚಾರಿಸಿದೆ. ಕೇಳಿಸಿಕೊಂಡವರು ನಾನು ಹೊಲಸು ಮಾತಾಡಿದೆನೇನೋ ಎಂಬಂತೆ ಮುಖ ತಿರುಗಿಸಿದರು. ಯುದ್ಧ ಬಂದು ಊರಿನ ಗಂಡಸರೆಲ್ಲ ಹೋದಮೇಲೆ ಮಣೆ ತುಂಬಲು ಜನವೇ ಸಿಗದೆ, ಸೆರೆಯಾಳುಗಳನ್ನು ನಮಗೆ ಕೊಡಿ ಎಂದು ತಮ್ಮ ದೊರೆಗಳನ್ನು ಕೇಳಿಕೊಂಡು ಪಡೆದಿದ್ದರು. ಆದ್ದರಿಂದ ಅಲ್ಲಿ ಬಂದೀಖಾನೆ ಎಂಬುದಿರಲಿಲ್ಲ. ಮಣೆಯ ಒಡೆಯ ಏನೇನು ಮಾಡುತ್ತಿದ್ದನೋ ಅದನ್ನು ಸೆರೆಯಾಳು ಮಾಡಬೇಕು, ಅಷ್ಟೇ. ನಿಯಮ ಮಣೆಗೆ ಮಾತ್ರ, ಹಾಸಿಗೆಗಲ್ಲ. ಮಲಗುವುದಕ್ಕೆ ನಮಗೆಲ್ಲ ಚಾವಡಿಯೇ. ಕಾವಲಿಗೊಬ್ಬ ಮುದುಕಿಯಿದ್ದಳು, ನಮಗಿಂತ ಮೊದಲು ಗೊರಕೆ ಹೊಡೆಯುತ್ತಿದ್ದಳು.

ನಮಗಿಂತ ಹಿಂದೆ ಸಿಕ್ಕಿಬಿದ್ದಿದ್ದ ನಮ್ಮ ಲೆಫ್ಟಿನೆಂಟ್ ಸಾಹೇಬರ ಪಾಡು ಎಲ್ಲರಿಗಿಂತ ಕಷ್ಟದ್ದು. ಅವರ ಅಳತೆಗೆ ಸರಿಹೊಂದಿದ್ದು ಹುಲಗಪ್ಪ ಎಂಬ ಕಳ್ಳನ ಮಣೆ. ವಾರಕ್ಕೊಂದು ಮನೆಯಲ್ಲಾದರೂ ಅವರು ಕದಿಯಬೇಕು. ಸಾಹೇಬರು ದೊಡ್ಡ ಮನೆತನದವರು, ಕದ್ದು ಅಭ್ಯಾಸವಿರಲಿಲ್ಲ. ಅವರಿಗೆ ಸಂಕೋಚವಾಗದಿರಲೆಂದು ಹೆಂಗಸರು ಹಿತ್ತಲ ಬಾಗಿಲು ತೆರೆದಿಟ್ಟು, ತಂಬಿಗೆಯನ್ನೋ ಚರಿಗೆಯನ್ನೋ ಹೊಸ್ತಿಲ ಹತ್ತಿರವೇ ಇಟ್ಟು, ಗೋಡೆಗೆ ಮುಖಮಾಡಿ ಮಲಗುತ್ತಿದ್ದರು. ಅಷ್ಟಾದರೂ ಸಾಹೇಬರು ಬೆಳಿಗ್ಗೆ ಎದ್ದು ಕದ್ದದ್ದನ್ನು ತಾವೇ ವಾಪಸ್ಸು ಕೊಟ್ಟು ಕ್ಷಮೆ ಕೇಳಿ ಬರುತ್ತಿದ್ದರು. ಸಂಗಪ್ಪಜ್ಜ ತಲೆ ಚಚ್ಚಿಕೊಳ್ಳುತ್ತಿದ್ದ. ಹುಲಗಪ್ಪ ಮೂವತ್ತು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಹಾಳಾಗುತ್ತಿದೆಯಲ್ಲ ಎಂದು ಅವನಿಗೆ ನಿಜವಾದ ಸಂಕಟ.

ದ್ಯಾಮವ್ವನ ಮನೆಯಲ್ಲಿ ಮೊದಲ ದಿನ ನಾನು ಮಣೆಯ ಮೇಲೆ ಕೂತೆ. ಅವಳು ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು, ಬಡಿಸಿದವಳೇ ಬೈಯಲು ಸುರುಮಾಡಿದಳು. ಮೂಲೆಯಲ್ಲಿದ್ದ ಹಾಲಿನ ಗಡಿಗೆ ಒಡೆದು ಬೆಕ್ಕಿನ ಮೇಲೆ ಹಾಕಿದ್ದು ತನಗೆ ಗೊತ್ತಿಲ್ಲವೆಂದು ತಿಳಿದಿದ್ದೀಯಾ ಎಂದಳು. ನಾನು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು, ಅದು ನಾನಲ್ಲ ತಾಯಿ ಎಂದೆ. ನೀನಲ್ಲದಿದ್ದರೆ ಬೆಕ್ಕೇ ಒಡೆಯಿತೇ ಎಂದಳು. ವಾದ ಮಾಡಿ ಫಲವಿಲ್ಲವೆಂದು ನಾನು, ತಪ್ಪಾಯ್ತು ಎಂದೆ. ದ್ಯಾಮವ್ವ ನನ್ನ ಮುಖವನ್ನೇ ನೋಡಿ ಇನ್ನೊಂದು ರೊಟ್ಟಿ ಹಾಕಿದಳು. ಆ ಮಾತು ಯಮನೂರಪ್ಪನ ಬಾಯಿಂದ ಹುಟ್ಟಿದಂದಿನಿಂದ ಬಂದದ್ದೇ ಇಲ್ಲವೆಂದು ಆಮೇಲೆ ತಿಳಿಯಿತು. ಸೈನ್ಯಕ್ಕೆ ಹೋದಮೇಲೆ ಯಮನೂರಪ್ಪ ಬಹಳ ಸುಧಾರಿಸಿದ್ದಾನೆ ಎಂದು ಓಣಿಯ ಹೆಂಗಸರು ಮಾತಾಡಿಕೊಳ್ಳಲು ತಡವಾಗಲಿಲ್ಲ.

ಇವಳಿಗೆ ಭ್ರಮೆಯೇನಾದರೂ ಇದೆಯೇ ಎಂದು ನನಗೆ ಅನುಮಾನವಿತ್ತು. ಒಮ್ಮೆ ಕೇಳಿಯೂಬಿಟ್ಟೆ: ನಾನು ನಿಮ್ಮ ಮಗನಲ್ಲವೆಂದು ಗೊತ್ತಿದೆ ತಾನೆ? ಅವಳು ಕುಸುಬಿ ಹಸನು ಮಾಡುತ್ತಿದ್ದಳು. ಮೊರದಿಂದ ತಲೆಯೆತ್ತದೆ ಹೇಳಿದಳು:

"ನಿನ್ನ ಮಗಾ ಅಂತ ತಿಳಿಯಾಕ ನನಗೇನ ಹುಚ್ಚ ಹಿಡದೈತೇನು? ನೀ ಮಣಿ ಕಾಯಾಂವ. ಅಂವ ಬರೂತನಾ ಜಾಗಾ ಬೆಚ್ಚಗಿರ್ಲಿ ಅಂತ ಕುಂಡ್ರಿಸೇನಿ."

ಯಮನೂರಪ್ಪ ಗಾಣದವನು. ಮನೆಯ ಪಕ್ಕದ ಬಯಲಲ್ಲಿ ಗಾಣ, ಅದಕ್ಕೊಂದು ಕಂದು ಎತ್ತು. ಹಲಗೆಯ ಮೇಲೆ ಕೂತು ಎತ್ತನ್ನು ಸುತ್ತ ಹೊಡೆಯುತ್ತ ಕುಸುಬಿಯ ಎಣ್ಣೆ ತೆಗೆಯುವುದು ನನ್ನ ಪಾಲಿಗೆ ಬಂತು. ಹೇಸರಗತ್ತೆಗಳ ನಡುವೆ ಬಾಳಿದವನಿಗೆ ಎತ್ತೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಆ ಗಾಣದ ಕಿರುಗುಟ್ಟುವ ಸದ್ದು. ಒಂದೊಂದು ಸುತ್ತಿಗೂ ಅದು ಹಲ್ಲು ಜುಮ್ಮೆನ್ನುವಂತೆ ಅರಚುತ್ತಿತ್ತು. ಅದನ್ನು ಮಾಡಿಕೊಟ್ಟವನು ಪಕ್ಕದ ಮನೆಯ ಫಕೀರಪ್ಪ. ನೀನು ಹಸಿ ಕಟ್ಟಿಗೆ ಹಾಕಿ ಮೋಸ ಮಾಡಿದೆ ಎಂದು ಯಮನೂರಪ್ಪ. ದೋಷ ಕಟ್ಟಿಗೆಯದಲ್ಲ, ಮೇಲೆ ಕೂತವನ ಕುಂಡಿಯದು ಎಂದು ಫಕೀರಪ್ಪ. ಹೀಗೆ ಹತ್ತಿದ ಜಗಳ ಬೆಳೆದು ಬೆಳೆದು, ಯಮನೂರಪ್ಪ ಊರ ನಡುವೆ ನಿಂತು, ಬರುವ ಯುಗಾದಿಯೊಳಗೆ ಈ ಫಕೀರ್ಯಾನ ಮೀಸೆ ಬೋಳಿಸದಿದ್ದರೆ ನಾನು ನನ್ನವ್ವನ ಮಗನೇ ಅಲ್ಲ ಎಂದು ಆಣೆ ಇಟ್ಟುಬಿಟ್ಟ. ಅದೇ ವಾರ ಸೈನ್ಯದಿಂದ ಕರೆ ಬಂತು. ಇಬ್ಬರೂ ಒಂದೇ ಗಾಡಿಯಲ್ಲಿ, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು ಹೋದರಂತೆ. ಆಮೇಲೆ ಇಬ್ಬರೂ ನಮ್ಮ ಕಡೆಯವರ ಕೈಗೆ ಸೆರೆಸಿಕ್ಕಿದರೆಂಬ ಸುದ್ದಿಯಷ್ಟೇ ಊರಿಗೆ ಮುಟ್ಟಿತ್ತು.

ಮಣೆಯ ಜೊತೆಗೆ ಮಣೆಯವನ ಜಗಳವೂ ಬರುತ್ತದೆ ಎಂದು ಸಂಗಪ್ಪಜ್ಜ ನಮಗೆ ತಿಳಿಹೇಳಿದ. ದಿನಾ ಬೆಳಿಗ್ಗೆ ನಾನು ನಮ್ಮ ಜಗಲಿಯ ಮೇಲೆ, ಜವರಯ್ಯ ಅವರ ಜಗಲಿಯ ಮೇಲೆ ನಿಂತು ಬೈದಾಡಬೇಕು. ಅದಾಗದೆ ಓಣಿಯಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ. ಮೊದಮೊದಲು ನಮಗೆ ಅದೇ ಅನುಕೂಲವಾಯಿತು. ಬೇರೆ ಹೊತ್ತಿನಲ್ಲಿ ಹಗೆಗಳು ಮಾತಾಡುವಂತಿರಲಿಲ್ಲ, ಚಾವಡಿಯಲ್ಲೂ ನಮ್ಮಿಬ್ಬರನ್ನು ಎರಡು ತುದಿಗೆ ಮಲಗಿಸುತ್ತಿದ್ದರು, ಆದ್ದರಿಂದ ಹೇಳಬೇಕಾದ್ದನ್ನೆಲ್ಲ ಬೈಗುಳದಲ್ಲೇ ಸೇರಿಸಿ ಹೇಳಿಕೊಳ್ಳುತ್ತಿದ್ದೆವು. "ಬರೋ ಅಮಾಸೆಗೆ ನಿಮ್ಮಪ್ಪನ ಕತ್ತೆ ಹೊಳೆ ದಾಟ್ತದೆ, ಅದರ ಬಾಲ ಹಿಡ್ಕೊಂಡು ನೀನೂ ತೊಲಗ್ಲಾ," ಎಂದು ಜವರಯ್ಯ ಕೂಗಿದರೆ ತಪ್ಪಿಸಿಕೊಳ್ಳುವ ದಿನ ಗೊತ್ತಾಯಿತೆಂದು ಅರ್ಥ. ನಿಮ್ಮಜ್ಜನ ಕೋಣಕ್ಕೆ ಈಜು ಬರುವುದಿಲ್ಲ, ಹಗ್ಗ ತರುವುದಕ್ಕೆ ಹೇಳು ಎಂದು ನಾನು ತಿರುಗಿಸಿ ಕೂಗುತ್ತಿದ್ದೆ. ಹೊಳೆಯಾಚೆಯವರ ಬೈಗುಳದಲ್ಲಿ ಏನೋ ಆಳವಿದೆ ಎಂದು ಊರಿನವರು ತಲೆದೂಗಿದರು. ಹೆಂಗಸರು ಬತ್ತಿ ಹೊಸೆಯುವುದನ್ನೂ ಕಾಯಿಪಲ್ಯ ಸೋಸುವುದನ್ನೂ ತಂದು ಅಲ್ಲೇ ಕೂತು ಕೇಳತೊಡಗಿದರು.

ಗೊತ್ತಾದ ಅಮಾವಾಸ್ಯೆಗೆ ನಾವು ಹೋಗಲಿಲ್ಲ. ಅವತ್ತು ಎತ್ತಿಗೆ ಹೊಟ್ಟೆಯುಬ್ಬರವಾಗಿತ್ತು, ಅದನ್ನು ಬಿಟ್ಟುಹೋಗಲು ನನಗೆ ಮನಸ್ಸಾಗಲಿಲ್ಲ. ಮುಂದಿನ ಅಮಾವಾಸ್ಯೆಗೆ ಫಕೀರಪ್ಪನ ಅಪ್ಪ ಈರಪ್ಪನಿಗೆ ಜ್ವರ. ಕಣ್ಣು ಮಂಜಾದ ಮುದುಕ, ಮನೆಯಲ್ಲಿ ಇನ್ನೊಬ್ಬರಿಲ್ಲ. ಅವನ ಗಂಜಿ ನೋಡಿಕೊಳ್ಳಬೇಕಾದವನು ಜವರಯ್ಯ. ಅದರ ಮುಂದಿನದಕ್ಕೆ ಹೊಳೆ ತುಂಬಿತ್ತು. ಆಮೇಲೆ ಕತ್ತೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬೈಗುಳ ಯಾವಾಗ ನಿಜವಾಯಿತೆಂದು ಹೇಳುವುದು ಕಷ್ಟ. ನಾನು ದಿನವಿಡೀ ಆ ಗಾಣದ ಅರಚಾಟ ಕೇಳುತ್ತ ಸುತ್ತುತ್ತಿದ್ದೆ. ಎಣ್ಣೆ ಹಾಕಿ ನೋಡಿದೆ, ಭಾರದ ಕಲ್ಲು ಬದಲಿಸಿದೆ, ಹಲಗೆಗೆ ಗೋಣಿ ಸುತ್ತಿದೆ. ಸದ್ದು ನಿಲ್ಲಲಿಲ್ಲ. ಮರ ಹಸಿಯದೇ ಇರಬೇಕು, ಒಣಗುತ್ತ ಒಣಗುತ್ತ ಸೆಟೆದುಕೊಂಡಿದೆ ಎಂದು ನನಗೆ ಖಚಿತವಾಗತೊಡಗಿತು. ಅತ್ತ ಜವರಯ್ಯ ಈರಪ್ಪನ ಕೈಕೆಳಗೆ ಮರ ಕೆತ್ತುವ ಬಾಚಿ ಹಿಡಿಯುವುದು ಕಲಿತಿದ್ದ. ಮುದುಕ ಮರವನ್ನು ಮೂಸಿ, ಬೆರಳಿಂದ ತಟ್ಟಿ, ಅದರ ವಯಸ್ಸು ಹೇಳುತ್ತಿದ್ದನಂತೆ. ಜವರಯ್ಯ ಅವನನ್ನು ಅಪ್ಪಾ ಎನ್ನುತ್ತಿದ್ದ. ಮೊದಲು ನಿಯಮಕ್ಕೆ, ಆಮೇಲೆ ತಾನಾಗಿ ಬಾಯಿಗೆ ಬಂದದ್ದಕ್ಕೆ. ಜವರಯ್ಯನಿಗೆ ಅಪ್ಪನನ್ನು ಕಂಡ ನೆನಪಿರಲಿಲ್ಲ.

ಒಂದು ಬೆಳಿಗ್ಗೆ ಅವನು ಜಗಲಿಯ ಮೇಲೆ ನಿಂತು, ಕೂಗದೆ, ಸಮಾಧಾನದ ದನಿಯಲ್ಲಿ ಹೇಳಿದ: "ಒಣಗಿದ ಮರವೇ ಕಣ್ಲಾ ಅದು. ಅಪ್ಪ ಮುಟ್ಟಿ ನೋಡವ್ರೆ. ನಿನ್ನ ಭಾರ ಒಂದ್ಕಡೆ ಬೀಳ್ತದೆ, ನೀನು ಸರಿಯಾಗಿ ಕೂರೋದು ಕಲಿ."

ಆ ಮಾತಿನಲ್ಲಿ ಯಾವ ಗುಟ್ಟೂ ಇರಲಿಲ್ಲ. ನಾನು ಹುಡುಕಿದೆ, ಇರಲಿಲ್ಲ. ನನ್ನ ಕಿವಿ ಕಾದವು. ಏನು ಹೇಳಿದೆನೋ ನೆನಪಿಲ್ಲ, ಜವರಯ್ಯ ಜಗಲಿಯಿಂದ ಕೆಳಗೆ ಹಾರಿದ, ನಾನೂ ಹಾರಿದೆ. ಜನ ನಡುವೆ ಬಂದು ಬಿಡಿಸಿದರು. ಸಂಗಪ್ಪಜ್ಜ ಮಾತ್ರ ಬಹಳ ತೃಪ್ತಿಯಿಂದ ಮನೆಗೆ ಹೋದ. ಇಷ್ಟು ದಿನ ಈ ಇಬ್ಬರ ಜಗಳದಲ್ಲಿ ಏನೋ ಉಪ್ಪು ಕಡಿಮೆಯಿತ್ತು, ಈಗ ಸರಿಹೋಯಿತು ಎಂದನಂತೆ.

ಹೋಳಿ ಕಳೆಯಿತು. ಯುಗಾದಿ ಹತ್ತಿರ ಬಂದ ಹಾಗೆ ದ್ಯಾಮವ್ವ ಬೈಯುವುದನ್ನು ಕಡಿಮೆ ಮಾಡಿದಳು. ಒಂದು ದಿನ ಊಟಕ್ಕೆ ಕೂತಾಗ ಬಡಿಸದೆ ನನ್ನ ಎದುರಿಗೆ ಕೂತಳು. ಮಗ ಆಣೆಯಿಟ್ಟದ್ದನ್ನು ಊರು ಮರೆತಿಲ್ಲ ಎಂದಳು. ಯುಗಾದಿಯ ಸಂಜೆಯೊಳಗೆ ಫಕೀರಪ್ಪನ ಮೀಸೆ ಹೋಗದಿದ್ದರೆ ಯಮನೂರಪ್ಪ ಅವಳ ಮಗನಲ್ಲ. ಅವನೇ ಹಾಗೆ ಹೇಳಿದ್ದಾನೆ. ಮಗನಲ್ಲದವನ ಮಣೆಯನ್ನು ಹೊಳೆಗೆ ಬಿಡುತ್ತಾರೆ. ಆಮೇಲೆ ಅವನು ಯುದ್ಧ ಮುಗಿಸಿ ಬಂದರೂ ಅಗಸೆಯ ಬಳಿ ಒಂದು ಗುಟುಕು ನೀರು ಕೊಡುವವರಿಲ್ಲ. ಹಿಂದೊಬ್ಬ ಹಾಗೆ ಬಂದು, ಅಗಸೆಯಲ್ಲಿ ಮೂರು ದಿನ ನಿಂತು, ಹೋಗಿಬಿಟ್ಟಿದ್ದನಂತೆ.

"ಅಂವ ಬಾಯಿಬಡುಕ ಅದಾನ, ನನಗ ಗೊತ್ತೈತಿ," ಎಂದಳು. "ಆದ್ರ ಬಂದಾಗ ಎಲ್ಲಿ ಕುಂಡ್ರಬೇಕಪಾ ಅಂವ?"

ನನಗೆ ಅನ್ನ ಹಾಕಿದ ಹೆಂಗಸು ಹಾಗೆ ಕೇಳಿದಾಗ ನಾನು ಹೊಳೆಯ ಹತ್ತಿರ ಹೋದೆ. ಅಲ್ಲಿ ಜವರಯ್ಯ ಮರದ ತುಂಡುಗಳನ್ನು ನೀರಿಗೆ ಹಾಕಿ ನೆನೆಸುತ್ತಿದ್ದ. ಸುತ್ತ ಯಾರೂ ಇರಲಿಲ್ಲ. ನಾನು ಯಮನೂರಪ್ಪನ ಹಾಗಲ್ಲದೆ, ನಿಜವಾಗಿ ನಾನಾಗಿದ್ದ ಬೋರಲಿಂಗನ ಹಾಗೆ ಮಾತಾಡಿದೆ. ಹವಾಲ್ದಾರ್ರೇ ಎಂದು ಕರೆದೆ. ಮುದುಕಿಯ ಸ್ಥಿತಿ ಹೇಳಿ, ಮೀಸೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಬೆಳೆಯುತ್ತದೆ, ದಯವಿಟ್ಟು ಕೊಡಿ ಎಂದು ಕೇಳಿದೆ. ದಳದಲ್ಲಿ ಅವನ ಮೀಸೆ ಹೆಸರಾಗಿತ್ತು. ಹೊಸ ಸಿಪಾಯಿಗಳು ಅವನಿಗಿಂತ ಮೊದಲು ಅದಕ್ಕೆ ಸಲಾಮು ಹೊಡೆಯುತ್ತಿದ್ದರು. ಅದರ ಹೆಮ್ಮೆಯಿಂದ ಇಲ್ಲವೆನ್ನುತ್ತಾನೆಂದು ನಾನು ತಿಳಿದಿದ್ದೆ. ಅವನು ಒದ್ದೆ ಕೈಯನ್ನು ಮೀಸೆಗೆ ತಾಗಿಸದೆ ಹಾಗೇ ಹಿಡಿದು, ಬಹಳ ಹೊತ್ತು ಯೋಚಿಸಿದ.

"ಜವರಯ್ಯನ ಮೀಸೆ ಆಗಿದ್ರೆ ಈಗ್ಲೇ ತಗೋ ಅಂತಿದ್ದೆ ಬೋರ," ಎಂದ. "ಇದು ಫಕೀರಪ್ಪಂದು. ಅವ್ನು ಇಲ್ದೆ ಇರೋವಾಗ ಅವನ ಮೀಸೇನ ನಾನೆಂಗೆ ಕೊಡ್ಲಿ? ನಾಳೆ ಬಂದು ಕೇಳಿದ್ರೆ ಏನಂತ ಹೇಳ್ಲಿ?"

ನಾನು ಬಂದದ್ದು ಕೂಡ ಇಲ್ಲದ ಇನ್ನೊಬ್ಬನಿಗಾಗಿಯೇ.

ಯುಗಾದಿಯ ಬೆಳಿಗ್ಗೆ ಊರೆಲ್ಲ ಎಣ್ಣೆಸ್ನಾನ. ಎಣ್ಣೆ ನಮ್ಮ ಗಾಣದ್ದೇ. ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಜನ ನಮ್ಮ ಓಣಿಯಲ್ಲಿ ಸೇರಿದರು. ದ್ಯಾಮವ್ವ ಯಮನೂರಪ್ಪನ ಮಣೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಳು. ಅದನ್ನು ಹೊಳೆಗೊಯ್ಯಲು ಚಾವಡಿಯಿಂದ ಇಬ್ಬರು ಬಂದು, ಸಂಜೆಯವರೆಗೆ ಕಾಯಬೇಕಲ್ಲ ಎಂದು ನೆರಳು ನೋಡಿ ಕೂತಿದ್ದರು. ನಾನು ಯಮನೂರಪ್ಪನ ಕ್ಷೌರದ ಕತ್ತಿ ಹಿಡಿದು ಇಳಿದೆ. ಜವರಯ್ಯನೂ ಇಳಿದ. ಇಬ್ಬರ ಮೈಗೂ ಎಣ್ಣೆ ಹಚ್ಚಿತ್ತು, ನೀರು ಹಾಕಿಕೊಂಡಿರಲಿಲ್ಲ. ನಾನು ಅವನನ್ನು ಹಿಡಿದರೆ ಅವನು ಮೀನಿನ ಹಾಗೆ ಜಾರುತ್ತಿದ್ದ, ಅವನು ನನ್ನನ್ನು ಹಿಡಿದರೆ ನಾನು. ಒಂದು ಗಳಿಗೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಬೀಳುತ್ತ ಏಳುತ್ತ ಗಾಣದ ಸುತ್ತ ತಿರುಗಿದೆವು. ಕಟ್ಟಿದ್ದ ಎತ್ತು ತನಗೂ ಕೆಲಸವಿದೆಯೆಂದು ತಿಳಿದು ಎದ್ದು ನಿಂತಿತು. ಲೆಫ್ಟಿನೆಂಟ್ ಸಾಹೇಬರು ಗುಂಪು ಸೀಳಿ ಬಂದು, ಇದು ಶಿಸ್ತಲ್ಲ, ಇಬ್ಬರೂ ದೂರ ಸರಿಯಿರಿ ಎಂದು ಆಜ್ಞೆ ಮಾಡಿದರು. ಕಳ್ಳನ ಮಾತನ್ನು ಯಾರು ಕೇಳುತ್ತಾರೆಂದು ಜನ ಅವರನ್ನು ಹಿಂದಕ್ಕೆ ತಳ್ಳಿದರು. ಸಾಹೇಬರಿಗೆ ಸಿಟ್ಟು ಬಂತು. ಎಲ್ಲರ ಕಣ್ಣೂ ನಮ್ಮ ಮೇಲಿರುವಾಗ ಸಂಗಪ್ಪಜ್ಜ ಬಿಟ್ಟಿದ್ದ ಕಾಲಿನ ಜೋಡು ಎತ್ತಿಕೊಂಡು ಹೊರಟುಹೋದರು. ಅವರು ಮನಸ್ಸಿಟ್ಟು ಕದ್ದದ್ದು ಅದೊಂದೇ.

ಧೂಳು ಮೈಗೆ ಮೆತ್ತಿಕೊಂಡ ಮೇಲೆ ಹಿಡಿತ ಸಿಕ್ಕಿತು. ಅವನ ಎದೆಯ ಮೇಲೆ ಕೂತು ಒಂದು ಕೈಯಿಂದ ಗದ್ದ ಒತ್ತಿ ಹಿಡಿದೆ. ಜವರಯ್ಯ ನನ್ನನ್ನು ನೋಡಿದ. ಗುಡ್ಡದ ಚಳಿಯಲ್ಲಿ ತನ್ನ ಕಂಬಳಿಯನ್ನು ನನ್ನ ಮೇಲೆ ಹಾಕಿದ್ದವನು ಅವನು. ಆ ಗುರುತಿನ ಎಳೆಯೂ ಆ ಕಣ್ಣಲ್ಲಿರಲಿಲ್ಲ. ನನ್ನ ಕಣ್ಣಲ್ಲಿ ಅವನಿಗೆ ಏನು ಕಂಡಿತೋ. ಕತ್ತಿ ಇಟ್ಟೆ, ಅವನ ಮೇಲ್ದುಟಿ ಕೊಯ್ದು ರಕ್ತ ಬಂತು. ಬೇವುಬೆಲ್ಲ ಅಗಿಯುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಇನ್ನೊಂದಿಷ್ಟು ಒತ್ತಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಒತ್ತಬಲ್ಲೆನೆಂದೂ ಗೊತ್ತಾಯಿತು. ಕತ್ತಿಯನ್ನು ಆಚೆ ಎಸೆದು ಎದ್ದು ನಿಂತೆ.

ದ್ಯಾಮವ್ವ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಮಣೆಯ ಮೇಲೆ ಬಿದ್ದಿದ್ದ ಧೂಳನ್ನು ಸೆರಗಿನಿಂದ ಒರೆಸತೊಡಗಿದಳು. ಹೊಳೆಗೆ ಕಳಿಸುವ ಮುಂಚೆ ಚೊಕ್ಕವಾಗಿರಲೆಂದು ಮೂಲೆಮೂಲೆ ಒರೆಸಿದಳು. ಆಗ ಪಕ್ಕದ ಮನೆಯಿಂದ ಈರಪ್ಪ ಗೋಡೆ ಸವರುತ್ತ ಹೊರಗೆ ಬಂದ. ಕಂಕುಳಲ್ಲಿ ಫಕೀರಪ್ಪನ ಮಣೆಯಿತ್ತು. ಅದನ್ನು ಓಣಿಯ ನಡುವೆ ಹಾಕಿ, ಕೈಯಿಂದ ತಡವಿ ನೋಡಿಕೊಂಡು ಕೂತ.

"ಇದು ಮದಲ ನನ್ನ ಮಣಿ. ನಾನ ಕೆತ್ತಿದ್ದು, ನಾನ ಕುಂತಿದ್ದು, ಆಮ್ಯಾಲೆ ಮಗಗ ಕೊಟ್ಟೆ," ಎಂದ. "ಈಗ ನಾ ಕುಂತೇನಿ. ಬಾರೋ ಯಮನೂರಾ, ಬೋಳಸು."

ಜವರಯ್ಯ ತುಟಿಯ ರಕ್ತ ಒರೆಸಿಕೊಳ್ಳುತ್ತ, ಬ್ಯಾಡಪ್ಪಾ ಎಂದ. ಮುದುಕನ ಮೀಸೆ ಹತ್ತಿಯ ಹಾಗೆ ಬೆಳ್ಳಗೆ, ದಟ್ಟವಾಗಿತ್ತು. ಅದರ ಮೇಲೆ ಒಮ್ಮೆ ಕೈಯಾಡಿಸಿ ಅವನು ದನಿ ಬಂದ ಕಡೆ ತಿರುಗಿದ.

"ಮೀಸಿ ಮತ್ತ ಬರತೈತಿ. ದ್ಯಾಮವ್ವಗ ಈ ವಯಸ್ಸಿನ್ಯಾಗ ಇನ್ನೊಬ್ಬ ಮಗಾ ಬರತಾನೇನು?"

ಎಲ್ಲರೂ ಸಂಗಪ್ಪಜ್ಜನ ಕಡೆ ನೋಡಿದರು. ಅವನು ಬರಿಗಾಲಲ್ಲಿ ನಿಂತು ಬಹಳ ಯೋಚನೆ ಮಾಡಿದ. ಮಣೆಯ ಮೇಲೆ ಕೂತವನೇ ಫಕೀರಪ್ಪ ಎಂಬುದರಲ್ಲಿ ಅವನಿಗೂ ತಪ್ಪು ಹುಡುಕಲಾಗಲಿಲ್ಲ. ನಾನು ಕತ್ತಿ ಹುಡುಕಿ ತಂದು, ತೊಳೆದು, ಮುದುಕನ ಎದುರು ಮೊಣಕಾಲೂರಿದೆ. ಅವನು ಮುಖ ಎತ್ತಿ ಹಿಡಿದು ಕಣ್ಣು ಮುಚ್ಚಿಕೊಂಡ. ಮುಗಿದಮೇಲೆ ಆ ಮುಖ ಎಷ್ಟು ಸಣ್ಣದಾಗಿ ಕಂಡಿತೆಂದರೆ, ನೋಡುತ್ತಿದ್ದ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡರು. ದ್ಯಾಮವ್ವ ಎದ್ದು ಮಣೆಯನ್ನು ಒಳಗೆ ಒಯ್ದಳು. ಸ್ವಲ್ಪ ಹೊತ್ತಿನಲ್ಲಿ ಹೋಳಿಗೆಯ ತಟ್ಟೆ ಹಿಡಿದು, ವರ್ಷಗಟ್ಟಲೆ ತುಳಿಯದಿದ್ದ ಈರಪ್ಪನ ಹೊಸ್ತಿಲು ದಾಟಿ ಹೋದಳು.

ಎರಡು ಮನೆಗಳ ನಡುವಿನ ಹಗೆ ಅಲ್ಲಿಗೆ ಮುಗಿಯಿತು. ನನಗೂ ಜವರಯ್ಯನಿಗೂ ಆದ ಹಗೆ ಮಾತ್ರ ಉಳಿಯಿತು. ನಮ್ಮಪ್ಪನ ಮೀಸೆ ತೆಗೆದವನು ಅವನು ಎಂದು ಚಾವಡಿಯಲ್ಲಿ ಉಳಿದ ಸೆರೆಯಾಳುಗಳ ಮುಂದೆ ಹೇಳಿಕೊಂಡನಂತೆ. ಬೆಳಗಿನ ಬೈದಾಟಕ್ಕೆ ಅವನು ಜಗಲಿಗೆ ಬರಲಿಲ್ಲ. ಹಗೆ ತೀರಿದಮೇಲೆ ಬೈಯಬೇಕಾದ ಜರೂರೂ ಇರಲಿಲ್ಲ. ನಾನು ಮಾತ್ರ ಸ್ವಲ್ಪ ದಿನ ಸುಮ್ಮನೆ ಬಂದು ನಿಂತು ಒಳಗೆ ಹೋಗುತ್ತಿದ್ದೆ.

ಮಳೆಗಾಲ ಕಳೆದಮೇಲೆ ಯುದ್ಧ ನಿಂತಿತು. ಯಾಕೆ ನಿಂತಿತೆಂದು, ಯಾಕೆ ಹತ್ತಿತೆಂದು ಹೇಳಿದವರೇ ಬಂದು ಹೇಳಿದರು. ನಮಗೆ ಎರಡೂ ತಿಳಿಯಲಿಲ್ಲ. ಹೊಳೆಯ ಮೇಲ್ಗಡೆಯ ಸೇತುವೆಯ ಮೇಲೆ ಸೆರೆಯಾಳುಗಳ ಅದಲುಬದಲು ಎಂದು ಗೊತ್ತಾಯಿತು. ಊರಿಗೆ ಊರೇ ಮಣೆಗಳನ್ನು ಹೊತ್ತು ಸೇತುವೆಗೆ ಹೋಯಿತು. ಆ ಕಡೆಯಿಂದ ಮೊದಲು ಬಂದವನು ಕಳ್ಳ ಹುಲಗಪ್ಪ. ಸಂಗಪ್ಪಜ್ಜ ಅವನನ್ನು ತಬ್ಬಿಕೊಂಡ, ಬಿಟ್ಟಮೇಲೆ ತನ್ನ ಕೊರಳಿನ ಬೆಳ್ಳಿಯ ಸರ ಮುಟ್ಟಿ ನೋಡಿಕೊಂಡ. ಸರ ಇರಲಿಲ್ಲ. ಮುದುಕನ ಕಣ್ಣು ತುಂಬಿ ಬಂತು.

ಹಿಂದೆಯೇ ಫಕೀರಪ್ಪ ಬಂದ. ಈರಪ್ಪ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಡವಿ, ಮೀಸೆ ಎಲ್ಲಿ ಎಂದು ಕೇಳಿದ. ನಮ್ಮ ಕಡೆಯ ಬಂದೀಖಾನೆಯಲ್ಲಿ ಹೇನಿಗೆ ಹೆದರಿ ಎಲ್ಲರ ತಲೆ, ಮೀಸೆ ಮೊದಲ ದಿನವೇ ಬೋಳಿಸಿಬಿಟ್ಟಿದ್ದರಂತೆ. ಇಲ್ಲಿ ನಾವು ಎಣ್ಣೆ ಬಳಿದುಕೊಂಡು ಉರುಳಾಡುವ ಎಷ್ಟೋ ತಿಂಗಳು ಮೊದಲೇ ಆ ಆಣೆ ತೀರಿಹೋಗಿತ್ತು. ಈರಪ್ಪ ಬೊಚ್ಚುಬಾಯಿ ತೆರೆದು ನಗತೊಡಗಿದ. ದ್ಯಾಮವ್ವ ನಗಲಿಲ್ಲ. ಅವಳು ಫಕೀರಪ್ಪನ ಹಿಂದೆ ಸೇತುವೆಯ ಉದ್ದಕ್ಕೂ ನೋಡುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ.

ಫಕೀರಪ್ಪ ಬಂದು ಅವಳ ಕಾಲು ಮುಟ್ಟಿದ. ಚಳಿಗಾಲದಲ್ಲಿ ಯಮನೂರಪ್ಪನಿಗೆ ಜ್ವರ ಬಂತು, ಔಷಧಿ ಕೊಟ್ಟರು, ಹತ್ತಲಿಲ್ಲ ಎಂದ. ತನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದನೆಂದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಕಟಿಗಿ ಹಸೀದ ಇತ್ತೋ ಮಾರಾಯಾ ಅಂತ ಒಪ್ಪಿಕೊಂಡೆ ಯವ್ವಾ. ಅಂವ ನಕ್ಕಾ."

ದ್ಯಾಮವ್ವ ಮಣೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತಳು. ನಮ್ಮ ಕಡೆಯಿಂದ ಬಂದಿದ್ದ ಕ್ಯಾಪ್ಟನ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೊರಡಿಸುತ್ತಿದ್ದ. ಸಂಗಪ್ಪಜ್ಜ ನನ್ನ ತೋಳು ಹಿಡಿದು ಸಾಲಿನಿಂದ ಹೊರಗೆ ಎಳೆದ. ಮಣೆಯ ಒಡೆಯ ಬಂದಿಲ್ಲ, ಆದ್ದರಿಂದ ಇವನು ಹೋಗುವಂತಿಲ್ಲ ಎಂದ. ಕ್ಯಾಪ್ಟನ್ ಸಂಧಿಯ ಮಾತು ತೆಗೆದ. ಸಂಗಪ್ಪಜ್ಜ ತಾಳ್ಮೆಯಿಂದ ಕೇಳಿ, ಸಂಧಿ ಸರಿ, ಮಣೆ ಬೇರೆ ಎಂದ. ನನಗೆ ಆಗ ಅಳು ಬರಬೇಕಿತ್ತು. ಎತ್ತಿಗೆ ನೀರು ಕುಡಿಸಿ ಬಂದಿಲ್ಲವಲ್ಲ ಎಂಬುದೊಂದೇ ಯೋಚನೆ ಬಂತು.

"ಅವನ್ನ ಬಿಡ್ರಿ," ಎಂದಳು ದ್ಯಾಮವ್ವ.

ಮಣೆ ಏನಾಗಬೇಕು ಎಂದು ಸಂಗಪ್ಪಜ್ಜ ಕೇಳಿದ. ಅವಳು, ಖಾಲಿ ಇರಲಿ ಎಂದಳು. ಸುತ್ತ ನಿಂತವರು ಮುಖ ತಿರುಗಿಸಿದರು. ಒಬ್ಬಾಕೆ ಕಿವಿ ಮುಚ್ಚಿಕೊಂಡಳು. ಸಂಗಪ್ಪಜ್ಜ ಅವಳನ್ನು ತಂಗಿ ಎಂದು ಕರೆದು ನಯವಾಗಿ ಹೇಳಿದ, ನೆಂಟರಲ್ಲಿ ಯಾರನ್ನಾದರೂ ಹುಡುಕೋಣ, ನಾನೇ ಬೇಕಾದರೆ ಎರಡು ಹೊತ್ತು ಬಂದು ಕೂರುತ್ತೇನೆ ಎಂದ.

"ಯಾರೂ ಬ್ಯಾಡ," ಎಂದಳು. "ನನ್ನ ಮಗಾ ಸತ್ತಾನ. ಅಂವ ಇಲ್ಲಾ ಅಂತ ನನ್ನ ಮನ್ಯಾಗ ಒಂದ ಜಾಗಾನರ ಹೇಳಬೇಕಲ್ಲೋ ಅಣ್ಣಾ."

ಸಂಗಪ್ಪಜ್ಜನ ಕೈ ನನ್ನ ತೋಳಿನಿಂದ ತಾನೇ ಸಡಿಲವಾಯಿತು. ಅವಳು ನನ್ನ ಹತ್ತಿರ ಬಂದಳು. ಬಂದಂದಿನಿಂದ ನನ್ನ ಹೆಸರು ಕೇಳಿರಲಿಲ್ಲ, ಆಗ ಕೇಳಿದಳು. ಬೋರಲಿಂಗ ಎಂದೆ. ಅವಳು ಅದನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡಳು. ಹೋಗಪ್ಪ, ನಿಮ್ಮವ್ವ ಮುದ್ದೆ ಮಾಡಿಟ್ಟುಕೊಂಡು ಕಾಯುತ್ತಿರುತ್ತಾಳೆ ಎಂದು ಹೇಳಿ, ಊರಿನ ದಾರಿ ಹಿಡಿದು ಒಬ್ಬಳೇ ನಡೆದಳು. ಜನ ಅವಳಿಗೆ ದಾರಿ ಬಿಟ್ಟರು. ಈರಪ್ಪ ಮಗನ ಭುಜ ಹಿಡಿದುಕೊಂಡು ಅವಳ ಹಿಂದೆ ಹೊರಟ.

ನಾನೂ ಜವರಯ್ಯನೂ ಎಲ್ಲರಿಗಿಂತ ಕೊನೆಯಲ್ಲಿ ಸೇತುವೆ ದಾಟಿದೆವು, ಅವನು ಆ ಅಂಚಿನಲ್ಲಿ, ನಾನು ಈ ಅಂಚಿನಲ್ಲಿ. ನಮ್ಮ ನೆಲ ಮುಟ್ಟಿ ಒಂದಿಷ್ಟು ದೂರ ಹೋದಮೇಲೆ ಅವನು ರಸ್ತೆಯ ಪಕ್ಕದ ಮೈಲಿಗಲ್ಲಿನ ಬುಡದಲ್ಲಿ ಕೂತುಬಿಟ್ಟ. ತಲೆ ತಗ್ಗಿತ್ತು, ಭುಜ ಕುಲುಕುತ್ತಿತ್ತು. ನಾನು ನಿಂತೆ.

"ಹೋಗ್ಬತ್ತೀನಿ ಅಂತ ಕೂಡ ಹೇಳಕ್ಕಾಗ್ಲಿಲ್ಲ ಬೋರ," ಎಂದ. ಯುಗಾದಿಯಾದ ಮೇಲೆ ನನ್ನೊಂದಿಗೆ ಅವನಾಡಿದ ಮೊದಲ ಮಾತು ಅದು. "ಮಗನ ಮುಖ ತಡವ್ತಾ ಇದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ಕಣ್ಣು ಕಾಣಲ್ವಲ್ಲ ಅಪ್ಪಂಗೆ."

ನಾನು ಅವನ ಪಕ್ಕದಲ್ಲಿ ನೆಲಕ್ಕೆ ಕೂತೆ. ಮುಂದೆ ಹೋಗಿದ್ದ ಕ್ಯಾಪ್ಟನ್ ತಿರುಗಿ ಬಂದು, ಸಾಲು ತಪ್ಪಿದ್ದಕ್ಕೆ ಗದರಿ, ಎದ್ದು ನಿಲ್ಲಲು ಆಜ್ಞೆ ಮಾಡಿದ. ಹವಾಲ್ದಾರ್ ಜವರಯ್ಯ ತನ್ನ ಸೇವೆಯಲ್ಲಿ ಒಂದೂ ಆಜ್ಞೆ ಮೀರಿದವನಲ್ಲ. ಅವನು ಕೂತಲ್ಲಿಂದಲೇ ತಲೆಯೆತ್ತಿ, ಸ್ವಲ್ಪ ತಡೀರಿ ಸಾಹೇಬ್ರೆ ಎಂದ. ಕ್ಯಾಪ್ಟನ್ ನನ್ನನ್ನು ನೋಡಿದ. ನಾನೂ ಏಳಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಿಸಿಲಲ್ಲಿ, ನಮ್ಮ ಪಕ್ಕದಲ್ಲೇ ನಿಂತ.